ಸೊಳ್ಳೆಯ ಮೇವು ನಮ್ಮ ತೋಟದಲ್ಲೇ

ಆಟಿ ತಿಂಗಳಿನಲ್ಲಿ ಹಿರಿಯಡ್ಕದಿಂದ ಪೆರ್ಡೂರು, ಹೆಬ್ರಿಯ ಕಡೆಗೆ ಹೋಗುವ ದಾರಿ ಬದಿಯ ಯಾವುದಾದರೊಂದು ಅಡಿಕೆ ತೋಟಕ್ಕೆ ಇಳಿದು ನೋಡಿ. ಹಗಲು ಹನ್ನೊಂದು ಗಂಟೆಯಾಗಿದ್ದರೂ ಮರಗಳ ಬುಡದಲ್ಲಿ ಮಬ್ಬುಗತ್ತಲೆ. ಕೊಳೆ ರೋಗಕ್ಕೆ ಉದುರಿದ ಅಡಿಕೆ ಹೆಕ್ಕಲು ಬಗ್ಗಿದರೆ ಸಾಕು, ಕಾಲಿಗೆ, ಕುತ್ತಿಗೆಗೆ, ಕಿವಿಯ ಹಿಂದಕ್ಕೆ ಸೊಳ್ಳೆಗಳು ಮುತ್ತಿಕೊಳ್ಳುತ್ತವೆ. ಕಪ್ಪು ಮೈ, ಕಾಲುಗಳಿಗೆ ಬಿಳಿಯ ಪಟ್ಟೆ, ಬೆನ್ನಿನ ನಡುವೆ ಒಂದೇ ಒಂದು ಬಿಳಿಯ ಗೆರೆ. ರಾತ್ರಿಯ ಸೊಳ್ಳೆಯಂತೆ ಕಿವಿಯ ಬಳಿ ಹಾಡುತ್ತ ಬರುವ ಜಾತಿ ಇದಲ್ಲ. ಸದ್ದಿಲ್ಲದೆ ಬಂದು ಕಚ್ಚಿ ಹೋಗುತ್ತದೆ.

ಈಗ ಒಂದು ಪ್ರಶ್ನೆ. ನೀವು ಆ ತೋಟಕ್ಕೆ ಕಾಲಿಟ್ಟದ್ದು ನಾಲ್ಕು ದಿನಗಳ ಬಳಿಕ ಎಂದಿಟ್ಟುಕೊಳ್ಳಿ. ಆ ನಾಲ್ಕು ದಿನ ಅಲ್ಲಿ ಜನವಿಲ್ಲ, ದನವಿಲ್ಲ. ಹಾಗಾದರೆ ಅಷ್ಟೊಂದು ಸೊಳ್ಳೆಗಳು ಏನನ್ನು ತಿಂದು ಬದುಕಿದ್ದವು?

‘ರಕ್ತ’ ಎಂದು ಉತ್ತರ ಕೊಡುವವರೇ ಹೆಚ್ಚು. ಸೊಳ್ಳೆ ರಕ್ತ ಕುಡಿಯುವುದು ನಿಜ, ಆದರೆ ರಕ್ತದಿಂದ ಬದುಕುವುದಿಲ್ಲ. ಅದರ ದಿನನಿತ್ಯದ ಅನ್ನ ಗಿಡಮರಗಳ ಸಿಹಿ. ಮರಿಯಾಗಿದ್ದಾಗ ಅದರ ಊಟ ನಿಂತ ನೀರಿನಲ್ಲಿ ಕೊಳೆತ ಸೊಪ್ಪು ಸದೆ. ರಕ್ತ ಬೇಕಾಗುವುದು ಹೆಣ್ಣಿಗೆ ಮಾತ್ರ, ಅದೂ ಮೊಟ್ಟೆಯಿಡುವ ಕಾಲಕ್ಕೆ. ಈ ಮೂರು ಊಟಗಳ ಲೆಕ್ಕವನ್ನು ಸರಿಯಾಗಿ ತಿಳಿದುಕೊಂಡರೆ, ಅದರ ಯಾವ ಅಡುಗೆಮನೆಗೆ ನಾವು ಬೀಗ ಹಾಕಬಹುದು, ಯಾವುದಕ್ಕೆ ಹಾಕಲಾಗದು ಎಂಬುದು ತಾನಾಗಿಯೇ ಹೊಳೆಯುತ್ತದೆ.

ಇದು ಬರಿಯ ಕುತೂಹಲದ ಮಾತಲ್ಲ. ಆಟಿ, ಸೋಣ ತಿಂಗಳಿನಲ್ಲಿ ಮನೆಯ ದುಡಿಯುವ ಆಳು ಡೆಂಗಿ ಜ್ವರದಿಂದ ಹದಿನೈದು ದಿನ ಮಲಗಿದರೆ ತೋಟಕ್ಕೆ ಎರಡನೆಯ ಸಲ ಮದ್ದು ಬಿಡುವವರಿಲ್ಲ. ಕೊಳೆ ರೋಗವಂತೂ ಯಾರಿಗೂ ಕಾಯುವುದಿಲ್ಲ. 2008ರಲ್ಲಿ ನೆರೆಯ ದಕ್ಷಿಣ ಕನ್ನಡದ ಸುಳ್ಯ, ಪುತ್ತೂರು, ಬೆಳ್ತಂಗಡಿ ಕಡೆಯ ಅಡಿಕೆ, ರಬ್ಬರ್ ತೋಟಗಳ ಊರುಗಳನ್ನು ಚಿಕೂನ್‌ಗುನ್ಯ ಹಿಡಿದು ಅಲುಗಾಡಿಸಿದ್ದನ್ನು ಈ ಕಡೆಯವರೂ ಮರೆತಿರಲಾರರು. ಗಂಟು ಗಂಟೂ ಬಿಗಿದುಕೊಂಡು ತಿಂಗಳುಗಟ್ಟಲೆ ಕತ್ತಿ ಹಿಡಿಯಲಾಗದೆ ಕುಳಿತವರುಂಟು. 2024ರ ಸೆಪ್ಟೆಂಬರಿನಲ್ಲಿ ರಾಜ್ಯ ಸರಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಸಾರಿ, ಸೊಳ್ಳೆ ಹುಟ್ಟಲು ಬಿಟ್ಟ ಹಳ್ಳಿಯ ಮನೆಗೆ 200 ರೂಪಾಯಿ ದಂಡವನ್ನೂ ಗೊತ್ತುಮಾಡಿತು.

ಹೆಸರಿನ ವಿಚಾರದಲ್ಲಿ ಒಂದು ಮಾತು. ನಮ್ಮ ಕರಾವಳಿಯ ಕನ್ನಡದಲ್ಲಿ ಇದನ್ನು ನುಸಿ ಎನ್ನುತ್ತಾರೆ, ತುಳುವಿನಲ್ಲಿ ಉಮಿಲ್. ಆದರೆ ತೆಂಗಿನಕಾಯಿಯ ಸಿಪ್ಪೆ ಕಂದು ಮಾಡುವ ಕಣ್ಣಿಗೆ ಕಾಣದ ಪೀಡೆಗೂ ನುಸಿಯೆಂದೇ ಹೆಸರಿರುವುದರಿಂದ, ಗೊಂದಲ ಬೇಡವೆಂದು ಇಲ್ಲಿ ಸೊಳ್ಳೆ ಎಂದೇ ಬರೆಯಲಾಗಿದೆ.

ಸಿಹಿಯೇ ಅನ್ನ

ಕೋಶದಿಂದ ಹೊರಬಂದ ಸೊಳ್ಳೆ, ಗಂಡಾಗಲಿ ಹೆಣ್ಣಾಗಲಿ, ಮೊದಲು ಅರಸುವುದು ಸಿಹಿಯನ್ನು. ಹೂವಿನ ಮಕರಂದ, ಕೊಳೆತ ಹಣ್ಣಿನ ರಸ, ಗಿಡಹೇನು ಮತ್ತು ಹಿಟ್ಟುತಿಗಣೆಗಳು ಎಲೆಯ ಮೇಲೆ ಸುರಿಸುವ ಅಂಟು, ಎಳೆಯ ಕಾಂಡದ ಗಾಯದಿಂದ ಒಸರುವ ರಸ, ಇವುಗಳಲ್ಲಿ ಯಾವುದು ಸಿಕ್ಕಿದರೂ ಆದೀತು. ಕೆಲವು ಗಿಡಗಳು ಹೂವಿಲ್ಲದೆಯೂ ಎಲೆಯ ತೊಟ್ಟಿನಲ್ಲಿ, ಕಾಂಡದಲ್ಲಿ ಸಿಹಿ ಒಸರುತ್ತವೆ. ಹರಳು ಗಿಡ ಅಂಥದು, ನಮ್ಮ ಗೇರು ಮರವೂ ಅಂಥದೇ. ಗೇರಿನ ಎಳೆ ಚಿಗುರಿಗೆ ಇರುವೆ ಮುತ್ತುವುದು ಏಕೆಂದು ನೀವು ಯೋಚಿಸಿದ್ದರೆ ಕಾರಣ ಇದು. ಇರುವೆಗೆ ಸಿಕ್ಕುವ ಸಿಹಿ ಸೊಳ್ಳೆಗೂ ಸಿಕ್ಕೀತು.

ಗಂಡು ಸೊಳ್ಳೆ ಜೀವಮಾನವಿಡೀ ಸಿಹಿಯೊಂದರಿಂದಲೇ ಬದುಕುತ್ತದೆ. ಅದಕ್ಕೆ ಚರ್ಮ ಚುಚ್ಚುವ ಶಕ್ತಿಯೇ ಇಲ್ಲ. ಬರಿಯ ನೀರು ಕೊಟ್ಟು ಸಿಹಿ ಕೊಡದೆ ಇಟ್ಟರೆ ಕೆಲವೇ ದಿನಗಳಲ್ಲಿ ಸಾಯುತ್ತದೆ.

ಸೊಳ್ಳೆ ಸಿಹಿ ಕುಡಿದಿದೆಯೆಂದು ತಿಳಿಯುವುದು ಹೇಗೆ? ಅಮೆರಿಕದ ಫ್ಲಾರಿಡಾದಲ್ಲಿ ವಾನ್ ಹ್ಯಾಂಡೆಲ್ ಎಂಬ ವಿಜ್ಞಾನಿ 1972ರಲ್ಲಿ ಸುಲಭದ ಒಂದು ಪರೀಕ್ಷೆಯನ್ನು ಪ್ರಕಟಿಸಿದರು. ಬಯಲಿನಲ್ಲಿ ಹಿಡಿದ ಸೊಳ್ಳೆಯನ್ನು ಅರೆದು ಆಂಥ್ರೋನ್ ಎಂಬ ರಸಾಯನ ಹಾಕಿದರೆ, ಫ್ರಕ್ಟೋಸ್ ಎಂಬ ಸಕ್ಕರೆ ಇದ್ದಲ್ಲಿ ಅದು ನೀಲಿ ಹಸುರು ಬಣ್ಣಕ್ಕೆ ತಿರುಗುತ್ತದೆ. ಈ ಸಕ್ಕರೆ ಇರುವುದು ಹೂವು ಹಣ್ಣುಗಳಲ್ಲಿ. ನಮ್ಮ ರಕ್ತದಲ್ಲಿ ಅದು ಇಲ್ಲವೆಂಬಷ್ಟು ಕಡಿಮೆ. ಆದುದರಿಂದ ಬಣ್ಣ ಬಂದರೆ ಸೊಳ್ಳೆ ಗಿಡದ ಮೇಲೆ ಉಂಡು ಬಂದಿದೆಯೆಂದೇ ಅರ್ಥ. ಈ ಪರೀಕ್ಷೆ ಕೈಗೆ ಬಂದ ಮೇಲೆ ಬೇರೆ ಬೇರೆ ದೇಶಗಳಲ್ಲಿ ಸೊಳ್ಳೆ ಹಿಡಿದು ನೋಡಿದಾಗ, ರಕ್ತ ಹೀರುವ ಹೆಣ್ಣುಗಳೂ ಸಿಹಿಯುಂಡೇ ತಿರುಗುತ್ತವೆಯೆಂಬುದು ಖಚಿತವಾಯಿತು.

ಸೊಳ್ಳೆಯ ಹೊಟ್ಟೆಯ ಏರ್ಪಾಡು ಇನ್ನೂ ಸ್ವಾರಸ್ಯದ್ದು. ಅದಕ್ಕೆ ಎರಡು ಉಗ್ರಾಣಗಳಿವೆ. ಕುಡಿದ ಸಿಹಿ ಒಂದು ತೆಳ್ಳನೆಯ ಚೀಲಕ್ಕೆ ಹೋಗಿ ಸೇರುತ್ತದೆ, ರಕ್ತ ನೇರವಾಗಿ ಜೀರ್ಣವಾಗುವ ಹೊಟ್ಟೆಗೆ ಇಳಿಯುತ್ತದೆ. ಸಿಹಿ ಚೀಲದಿಂದ ಬೇಕಾದಾಗ ಬೇಕಾದಷ್ಟನ್ನು ಹೊಟ್ಟೆಗೆ ಬಿಟ್ಟುಕೊಳ್ಳುತ್ತದೆ. ಮಳೆಗಾಲಕ್ಕೆಂದು ಅಟ್ಟದಲ್ಲಿ ಅಕ್ಕಿ ಮುಡಿ ಕಟ್ಟಿಟ್ಟು ದಿನಕ್ಕೆ ಬೇಕಾದಷ್ಟನ್ನು ಅಳೆದು ತೆಗೆಯುತ್ತಿದ್ದ ಹಾಗೆ. ಹೊಟ್ಟೆಗೆ ಬಂದ ಸಕ್ಕರೆ ಒಡೆದು ಮೈಗೆ ಸೇರುತ್ತದೆ. ಒಂದಷ್ಟು ಕೂಡಲೇ ರೆಕ್ಕೆಯ ಸ್ನಾಯುಗಳಲ್ಲಿ ಉರಿಯುತ್ತದೆ, ಮಿಕ್ಕದ್ದು ಗ್ಲೈಕೋಜನ್ ಆಗಿಯೂ ಕೊಬ್ಬಾಗಿಯೂ ಶೇಖರವಾಗುತ್ತದೆ. ಹಾರುವಾಗ ಹೆಣ್ಣು ಸೊಳ್ಳೆಯ ರೆಕ್ಕೆ ಕ್ಷಣಕ್ಕೆ ನಾನೂರು ಐನೂರು ಸಲ ಬಡಿಯುತ್ತದೆ. ಕಿವಿಯ ಬಳಿ ಕೇಳುವ ‘ಗುಂಯ್’ ಎಂಬುದು ಆ ಬಡಿತದ ಸದ್ದು. ಅಂಥ ಯಂತ್ರ ಓಡಬೇಕಾದರೆ ಇಂಧನವೂ ಕೂಡಲೇ ಉರಿಯುವಂಥದೇ ಆಗಬೇಕು. ಸಕ್ಕರೆ ಅಂಥದು.

ರೈತರು ಮನಸ್ಸಿನಲ್ಲಿಡಬೇಕಾದ ಮುಖ್ಯ ವಿಷಯ ಇಲ್ಲಿದೆ. ಡೆಂಗಿಯ ವಿಷಾಣು ಸೊಳ್ಳೆಯ ಹೊಟ್ಟೆಯಿಂದ ಉಗುಳಿಗೆ ಏರಲು ಎಂಟರಿಂದ ಹನ್ನೆರಡು ದಿನ ಬೇಕು. ಮಲೇರಿಯದ ಕ್ರಿಮಿಗೂ ಹತ್ತು ಹದಿನಾಲ್ಕು ದಿನ ಬೇಕು. ಅಷ್ಟು ದಿನ ಬದುಕಿ ಉಳಿದ ಸೊಳ್ಳೆಯಿಂದಲೇ ರೋಗ. ನಿನ್ನೆ ಹುಟ್ಟಿದ ಸೊಳ್ಳೆ ಕಚ್ಚಿದರೆ ತುರಿಕೆ, ಹದಿನೈದು ದಿನದ ಮುದಿ ಸೊಳ್ಳೆ ಕಚ್ಚಿದರೆ ಜ್ವರ. ಬಹುಪಾಲು ಸೊಳ್ಳೆಗಳನ್ನು ಆ ಮುದಿತನಕ್ಕೆ ಮುಟ್ಟಿಸುವುದು ಗಿಡದ ಸಿಹಿಯೇ.

ಹಾಗಾದರೆ ಗಿಡ ಕಡಿದರೆ ಸೊಳ್ಳೆ ಸಾಯುವುದೇ? ಆಫ್ರಿಕದ ಮಾಲಿ ದೇಶದಲ್ಲಿ ಇದನ್ನು ನಿಜವಾಗಿಯೂ ಮಾಡಿ ನೋಡಿದ್ದಾರೆ. ನಮ್ಮ ಬಯಲುಸೀಮೆಯಲ್ಲಿ ಬಳ್ಳಾರಿ ಜಾಲಿಯೆಂದು ಕರೆಯುವ ಮುಳ್ಳುಗಿಡ ಅಲ್ಲಿಯೂ ಹಬ್ಬಿದೆ. ಕೆಲವು ಹಳ್ಳಿಗಳಲ್ಲಿ ಅದರ ಹೂಬಿಟ್ಟ ಕೊಂಬೆಗಳನ್ನು ಕಡಿದು ಹಾಕಿದಾಗ ಮಲೇರಿಯ ಸೊಳ್ಳೆಗಳ ಸಂಖ್ಯೆ ಮೂರರಲ್ಲಿ ಎರಡು ಪಾಲಿನಷ್ಟು ಇಳಿಯಿತೆಂದೂ, ಹೆಚ್ಚು ಕಡಿಮೆಯಾದದ್ದು ಮುದಿ ಸೊಳ್ಳೆಗಳೇ ಎಂದೂ 2017ರಲ್ಲಿ ವರದಿಯಾಯಿತು. ಆದರೆ ಅದು ಒಣ ಪ್ರದೇಶದ ಮಾತು. ಅಲ್ಲಿ ಹೂಬಿಡುವ ಗಿಡವೇ ಅಪರೂಪ. ನಮ್ಮಲ್ಲಿ ಬೇಲಿಯಿಂದ ಗುಡ್ಡದವರೆಗೆ ಒಂದಲ್ಲ ಒಂದು ಹೂವು ವರ್ಷವಿಡೀ ಇರುವಾಗ ಈ ದಾರಿ ಹಿಡಿಯುವುದು ವ್ಯರ್ಥ. ಮನೆಯಂಗಳದ ಹೂಗಿಡ ಕಡಿಯಲು ಯಾರೂ ಹೊರಡಬೇಕಾಗಿಲ್ಲ.

ರಕ್ತವೆಂಬ ಹಿಂಡಿ

ಹಾಲು ಕೊಡುವ ದನಕ್ಕೆ ಮೇವು ಹಾಕುವಾಗ ನಾವು ಎರಡು ಲೆಕ್ಕ ಹಿಡಿಯುತ್ತೇವೆ. ಮೈ ಪೋಷಣೆಗೆ ಇಷ್ಟು ಹುಲ್ಲು, ಹಾಲಿಗೆ ಇಷ್ಟು ಹಿಂಡಿ. ಸೊಳ್ಳೆಗೂ ಇದೇ ಲೆಕ್ಕ. ಮೈ ಪೋಷಣೆಗೆ, ಹಾರಾಟಕ್ಕೆ ಸಿಹಿ. ಮೊಟ್ಟೆಗೆ ರಕ್ತ.

ರಕ್ತದಲ್ಲಿ ಸಕ್ಕರೆ ತೀರ ಕಡಿಮೆ; ನೂರು ಭಾಗಕ್ಕೆ ಒಂದು ಭಾಗದ ಹತ್ತನೆಯ ಒಂದು ಪಾಲಿನಷ್ಟೇ. ಆದರೆ ಸಸಾರಜನಕದ ಅಂಶ ನೂರಕ್ಕೆ ಇಪ್ಪತ್ತರ ಸುಮಾರಿಗಿದೆ. ಮೊಟ್ಟೆ ಕಟ್ಟಲು ಬೇಕಾದದ್ದು ಅದೇ. ಎರಡು ಮೂರು ಮಿಲಿಗ್ರಾಂ ತೂಗುವ ಹೆಣ್ಣು ಸೊಳ್ಳೆ ಒಮ್ಮೆ ಕುಳಿತರೆ ತನ್ನ ತೂಕದಷ್ಟು, ಕೆಲವೊಮ್ಮೆ ಅದಕ್ಕಿಂತಲೂ ಹೆಚ್ಚು ರಕ್ತ ಹೀರುತ್ತದೆ. ಮಲೇರಿಯದ ಅನಾಫಿಲಿಸ್ ಸೊಳ್ಳೆ ಹೀರುತ್ತಿರುವಂತೆಯೇ ಹಿಂದಿನಿಂದ ನೀರಿನಂಥ ಹನಿಗಳನ್ನು ಬಿಡುವುದುಂಟು. ರಕ್ತದ ನೀರನ್ನು ಸೋಸಿ ಚೆಲ್ಲಿ ಗಟ್ಟಿಯಾದದ್ದನ್ನು ಮಾತ್ರ ಹೊಟ್ಟೆಯಲ್ಲಿಟ್ಟುಕೊಳ್ಳುವ ಉಪಾಯ ಅದು.

ಹೀರಿದ ರಕ್ತ ನಮ್ಮ ಕಡೆಯ ಸೆಕೆಗೆ ಎರಡು ಮೂರು ದಿನಗಳಲ್ಲಿ ಜೀರ್ಣವಾಗುತ್ತದೆ. ಅಷ್ಟರವರೆಗೆ ಬಹುಪಾಲು ಸೊಳ್ಳೆಗಳು ಮತ್ತೆ ಕಚ್ಚಲು ಬರುವುದಿಲ್ಲ. ಗೋಡೆಯ ಮೂಲೆಯಲ್ಲೋ ಹಟ್ಟಿಯ ಮಾಡಿನ ಅಡಿಯಲ್ಲೋ ಸುಮ್ಮನೆ ಕುಳಿತಿರುತ್ತವೆ. ಜೀರ್ಣವಾದದ್ದರಲ್ಲಿ ಒಂದು ಪಾಲು ಮೊಟ್ಟೆಯ ಭಂಡಾರವಾಗುತ್ತದೆ, ಒಂದು ಪಾಲು ಮೈಯಲ್ಲಿ ಉರಿದುಹೋಗುತ್ತದೆ. ಆಮೇಲೆ ನೂರರ ಸುಮಾರಿಗೆ ಮೊಟ್ಟೆ, ಮತ್ತೆ ರಕ್ತದ ಬೇಟೆ.

ನಮ್ಮ ಮೈಯಿಂದ ಹೋಗುವ ರಕ್ತಕ್ಕೆ ಹೆದರಬೇಕಾಗಿಲ್ಲ. ಸಾವಿರ ಸೊಳ್ಳೆ ಹೊಟ್ಟೆ ತುಂಬ ಕುಡಿದರೂ ಒಂದು ಚಹಾ ಚಮಚ ತುಂಬದು. ಹೆದರಬೇಕಾದದ್ದು ಒಳಗೆ ಬರುವ ಉಗುಳಿಗೆ. ರಕ್ತ ಹೆಪ್ಪುಗಟ್ಟದೆ ಹರಿಯಲೆಂದು ಸೊಳ್ಳೆ ಮೊದಲು ಉಗುಳನ್ನು ಚುಚ್ಚಿ ಬಿಡುತ್ತದೆ. ತುರಿಕೆಯೂ ಅದರಿಂದ, ಜ್ವರವೂ ಅದರಿಂದ.

ಎಲ್ಲ ನಿಯಮಕ್ಕೂ ಒಂದು ಅಪವಾದ ಇರುವಂತೆ ಇಲ್ಲಿಯೂ ಒಂದಿದೆ. ಪೇಟೆ ಮನೆಗಳ ಒಳಗೆ ವಾಸಿಸುವ ಈಡಿಸ್ ಈಜಿಪ್ಟಿ ಎಂಬ ಡೆಂಗಿ ಸೊಳ್ಳೆ ಸಿಹಿಯ ಗೊಡವೆಗೆ ಅಷ್ಟಾಗಿ ಹೋಗುವುದಿಲ್ಲ. ಮನುಷ್ಯರ ರಕ್ತವನ್ನೇ ಹಿಂಡಿಯಾಗಿಯೂ ಹುಲ್ಲಾಗಿಯೂ ಉಪಯೋಗಿಸಿಕೊಳ್ಳುವ ಶಕ್ತಿ ಅದಕ್ಕಿದೆ. ಅದರಿಂದಲೇ ಒಂದು ಸಲದ ಮೊಟ್ಟೆಗೆ ಒಂದೇ ಸಲ ಕುಡಿದು ಸುಮ್ಮನಾಗದೆ, ಒಬ್ಬರಿಂದೊಬ್ಬರಿಗೆ ಹಾರಿ ಗುಟುಕು ಗುಟುಕಾಗಿ ಹೀರುತ್ತದೆ. ಒಂದೇ ಮನೆಯಲ್ಲಿ ಮೂರು ನಾಲ್ಕು ಮಂದಿ ಒಟ್ಟಿಗೆ ಡೆಂಗಿಯಿಂದ ಮಲಗಲು ಇದೂ ಒಂದು ಕಾರಣ. ತೋಟದಲ್ಲಿ ಕಾಲಿಗೆ ಮುತ್ತುವುದು ಅದರ ಅಣ್ಣತಮ್ಮಂದಿರ ಜಾತಿಯ ಈಡಿಸ್ ಆಲ್ಬೋಪಿಕ್ಟಸ್. ಬೆನ್ನಿನ ಒಂದೇ ಗೆರೆ ಅದರ ಗುರುತು. ಮೂಲದಲ್ಲಿ ಕಾಡಿನ ಸೊಳ್ಳೆ. ಮರದ ಪೊಟರೆ, ಕಡಿದ ಬಿದಿರಿನ ಕೂಳೆಗಳಲ್ಲಿ ನಿಂತ ನೀರಿನಲ್ಲಿ ಹುಟ್ಟುತ್ತಿದ್ದದ್ದು. ನಾವು ಕಾಡಿದ್ದಲ್ಲಿ ತೋಟ ಮಾಡಿದೆವು. ಅದಕ್ಕೆ ತೊಂದರೆಯೇನೂ ಆಗಲಿಲ್ಲ. ಪೊಟರೆಗೆ ಬದಲಾಗಿ ಅದಕ್ಕಿಂತ ಅನುಕೂಲವಾದ ಸಾವಿರ ಬಟ್ಟಲುಗಳು ಸಿಕ್ಕಿದವು.

ಮರಿಯ ಊಟ

ನಿಂತ ನೀರಿನಲ್ಲಿ ಕೊಕ್ಕೆಯಂತೆ ಬಳುಕುತ್ತ ಏರಿಳಿಯುವ ಸೊಳ್ಳೆ ಮರಿಗಳನ್ನು ನೋಡದವರಿಲ್ಲ. ಅವು ಅಲ್ಲಿ ಆಡುತ್ತಿರುವುದಲ್ಲ, ಬಿಡುವಿಲ್ಲದೆ ಉಣ್ಣುತ್ತಿರುತ್ತವೆ. ಬಾಯಿಯ ಎರಡು ಪಕ್ಕದಲ್ಲಿ ಬ್ರಶ್ಶಿನಂಥ ಕೂದಲ ಗೊಂಚಲು. ಅದನ್ನು ಬೀಸಿ ನೀರನ್ನು ಬಾಯಿಗೆ ಎಳೆದುಕೊಂಡು ಅದರಲ್ಲಿರುವ ಬ್ಯಾಕ್ಟೀರಿಯ, ಪಾಚಿ, ಕೊಳೆತ ಎಲೆಯ ಪುಡಿಗಳನ್ನು ಸೋಸಿ ನುಂಗುತ್ತವೆ. ಅನಾಫಿಲಿಸ್ ಮರಿ ನೀರಿನ ಮೇಲ್ಮೈಗೆ ಅಡ್ಡಲಾಗಿ ಮಲಗಿ ಮೇಲಿನ ಕೆನೆಯನ್ನು ಉಣ್ಣುತ್ತದೆ. ಕ್ಯೂಲೆಕ್ಸ್ ಮರಿ ತಲೆ ಕೆಳಗಾಗಿ ತೂಗುತ್ತ ನಡುವಿನ ನೀರನ್ನು ಸೋಸುತ್ತದೆ. ಈಡಿಸ್ ಮರಿ ಬಟ್ಟಲಿನ ತಳಕ್ಕೆ ಹೋಗಿ ಕೊಳೆತ ಎಲೆಯನ್ನೇ ಕೆರೆದು ತಿನ್ನುತ್ತದೆ.

ನೀರು ಮಾತ್ರ ಇದ್ದರೆ ಸಾಲದು, ನೀರಿನಲ್ಲಿ ಏನಾದರೂ ಕೊಳೆಯುತ್ತಿರಬೇಕು. ಊಟ ಚೆನ್ನಾಗಿದ್ದರೆ ನಮ್ಮ ಹವೆಯಲ್ಲಿ ಮೊಟ್ಟೆಯಿಂದ ಸೊಳ್ಳೆಯಾಗಲು ಎಂಟು ಹತ್ತು ದಿನ ಸಾಕು. ಊಟ ಕಡಿಮೆಯಾದರೆ ಮರಿ ನಿಧಾನವಾಗಿ ಬೆಳೆದು ಗಿಡ್ಡ ಸೊಳ್ಳೆಯಾಗುತ್ತದೆ. ಅಂಥ ಬಡ ಹೆಣ್ಣಿಗೆ ಮೈಯಲ್ಲಿ ಕೊಬ್ಬಿನ ದಾಸ್ತಾನಿಲ್ಲದ ಕಾರಣ ಮೊದಲ ಮೊಟ್ಟೆ ಕಟ್ಟಲು ಎರಡು ಮೂರು ಸಲ ರಕ್ತ ಕುಡಿಯಬೇಕಾಗುವುದುಂಟು. ಕರುವಾಗಿದ್ದಾಗ ಹಾಲು ಸರಿಯಾಗಿ ಕುಡಿಯದ ಕಡಸು ಮುಂದೆ ಎಷ್ಟು ಹಿಂಡಿ ಹಾಕಿದರೂ ತುಂಬಿಕೊಳ್ಳದ ಹಾಗೆ.

ಇದಕ್ಕೆ ತದ್ವಿರುದ್ಧವಾದ ಉದಾಹರಣೆಯೂ ನಮ್ಮ ಘಟ್ಟದ ಕಾಡುಗಳಲ್ಲಿದೆ. ಟಾಕ್ಸೊರಿಂಕೈಟಿಸ್ ಎಂಬ ದೊಡ್ಡ ಸೊಳ್ಳೆ, ನೀಲಿ ಹಸುರು ಹೊಳಪಿನ ಮೈ, ಕೆಳಕ್ಕೆ ಬಾಗಿದ ಸೊಂಡಿಲು. ನೋಡಿದರೆ ಭಯವಾಗುವಂತಿದ್ದರೂ ಅದು ಯಾರನ್ನೂ ಕಚ್ಚುವುದಿಲ್ಲ. ಹೆಣ್ಣೂ ಕೂಡ ಮಕರಂದ ಕುಡಿದೇ ಮೊಟ್ಟೆಯಿಡುತ್ತದೆ. ಕಾರಣವೇನೆಂದರೆ ಅದರ ಮರಿ ಸೊಪ್ಪುಸದೆ ತಿನ್ನುವುದಲ್ಲ, ಬೇರೆ ಸೊಳ್ಳೆ ಮರಿಗಳನ್ನು ಹಿಡಿದು ತಿನ್ನುತ್ತದೆ. ಮೊಟ್ಟೆಗೆ ಬೇಕಾದ ಸಸಾರಜನಕ ಮರಿಯಾಗಿದ್ದಾಗಲೇ ಮೈಯಲ್ಲಿ ತುಂಬಿರುವುದರಿಂದ ರಕ್ತದ ಹಂಗಿಲ್ಲ.

ಒಂದು ಎಕರೆಯ ಲೆಕ್ಕ

ಈಗ ತೋಟಕ್ಕೆ ಬರೋಣ. ಒಂದು ಎಕರೆ ಅಡಿಕೆ ತೋಟದಲ್ಲಿ ಸುಮಾರು ಐನೂರು ಮರ. ಒಂದೊಂದು ಮರ ವರ್ಷಕ್ಕೆ ಐದಾರು ಹಾಳೆ ಉದುರಿಸುತ್ತದೆ. ಎರಡೂವರೆ ಮೂರು ಸಾವಿರ ಹಾಳೆಗಳಾದವು. ಬಿದ್ದ ಹಾಳೆ ದೋಣಿಯಂತೆ ಮೇಲ್ಮುಖವಾಗಿ ಕುಳಿತರೆ ಅದರಲ್ಲಿ ಮಳೆ ನೀರು, ನೀರಿಗೆ ಬಿದ್ದ ಸಿಂಗಾರದ ಹೂವು, ಅಡಿಕೆಯ ತೊಟ್ಟು, ಎಲ್ಲವೂ ಕೊಳೆತು ಮರಿಗೆ ಮೃಷ್ಟಾನ್ನ. ಮೇಲೆ ನೆರಳು ಬೇರೆ. ಹಾಳೆಯನ್ನು ಬಿದ್ದಲ್ಲಿಯೇ ಬಿಡುವುದು ಗೊಬ್ಬರದ ದೃಷ್ಟಿಯಿಂದ ಒಳ್ಳೆಯದೇ, ಆದರೆ ಮಗುಚಿ ಹಾಕಬೇಕು ಅಥವಾ ಕತ್ತಿಯಿಂದ ಎರಡು ತುಂಡು ಮಾಡಬೇಕು. ಹೆಡೆ ಸೀಳುವಾಗ ಆಗುವ ಕೆಲಸವೇ. ಮುಟ್ಟಾಳೆಗೆಂದು ಒಳ್ಳೆಯ ಹಾಳೆ ಹೆಕ್ಕುತ್ತಿದ್ದ ಕಾಲ ಹೋಯಿತು, ಹಾಳೆ ತಟ್ಟೆ ಮಾಡುವವರು ಕೊಳ್ಳುವ ಕಾಲ ಬಂದಿದೆ. ಮಳೆ ನಿಂತ ಮೇಲಾದರೂ ಹಾಳೆಗೆ ನಾಲ್ಕು ಕಾಸು ಸಿಕ್ಕೀತು.

ರಬ್ಬರಿನ ಲೆಕ್ಕ ಇದಕ್ಕಿಂತ ಗಂಭೀರ. ಎಕರೆಗೆ ಇನ್ನೂರರ ಸುಮಾರಿಗೆ ಮರ, ಪ್ರತಿ ಮರಕ್ಕೂ ಒಂದು ಗೆರಟೆಯೋ ಪ್ಲಾಸ್ಟಿಕ್ ಕಪ್ಪೋ ಕಟ್ಟಿರುತ್ತದೆ. ಮಳೆ ಹಿಡಿದು ಟ್ಯಾಪಿಂಗ್ ನಿಂತಾಗ ಕಪ್ಪು ಹಾಗೆಯೇ ಉಳಿದರೆ, ತಳದಲ್ಲಿ ಅಂಟಿದ ರಬ್ಬರ್ ಹಾಲಿನ ಉಳಿಕೆ, ಎಲೆ, ಮಳೆ ನೀರು ಸೇರಿ ಇನ್ನೂರು ತೊಟ್ಟಿಲುಗಳು ಸಿದ್ಧ. ಒಂದೊಂದರಲ್ಲಿ ಹತ್ತೇ ಸೊಳ್ಳೆ ಹುಟ್ಟಿದರೂ ಹತ್ತು ದಿನಕ್ಕೆ ಎರಡು ಸಾವಿರ. ಟ್ಯಾಪಿಂಗ್ ನಿಲ್ಲಿಸುವ ದಿನ ಕಪ್ಪನ್ನು ಬಿಚ್ಚಿ ಒಳಗಿಡುವುದು ಉತ್ತಮ. ಆಗದಿದ್ದರೆ ಕವುಚಿ ಹಾಕಬೇಕು. ಮಳೆಗಾಲದಲ್ಲಿಯೂ ಪ್ಲಾಸ್ಟಿಕ್ ಹೊದಿಸಿ ಟ್ಯಾಪಿಂಗ್ ಮಾಡುವವರು ಹಾಲು ತೆಗೆದ ಕೂಡಲೇ ಕವುಚುವ ಅಭ್ಯಾಸವನ್ನು ಟ್ಯಾಪಿಂಗ್ ಮಾಡುವವರಿಗೆ ಹೇಳಿ ಮಾಡಿಸಬೇಕು. ಕೂಲಿಗೆ ಮಾಡುವ ಕೆಲಸದಲ್ಲಿ ಹೇಳದೆ ಇದು ಆಗುವುದಿಲ್ಲ.

ಕೊಕ್ಕೋ ಇರುವ ತೋಟದಲ್ಲಿ ಬೀಜ ತೆಗೆದ ಸಿಪ್ಪೆಗಳೂ, ಅಳಿಲು ತೂತು ಮಾಡಿ ತಿಂದು ಮರದಲ್ಲೇ ಬಿಟ್ಟ ಕಾಯಿಗಳೂ ಬಟ್ಟಲುಗಳೇ. ಇಲ್ಲಿ ಒಂದು ಎಚ್ಚರಿಕೆ. ಕೊಕ್ಕೋ ಹೂವಿಗೆ ಪರಾಗ ತಲುಪಿಸುವ ಕಡುಗಿಡ್ಡ ನೊಣವೊಂದು ಹುಟ್ಟುವುದು ಇದೇ ಕೊಳೆತ ಸಿಪ್ಪೆಯ ರಾಶಿಯಲ್ಲಿ. ಆದುದರಿಂದ ಸಿಪ್ಪೆಯನ್ನು ಸುಟ್ಟುಹಾಕುವುದು ಬೇಡ. ನೀರು ನಿಲ್ಲದಂತೆ ಒಡೆದು ಬುಡಕ್ಕೆ ಹರಡಿದರೆ ಕೊಕ್ಕೋಗೂ ಕ್ಷೇಮ, ನಮಗೂ ಕ್ಷೇಮ. ಮದ್ದು ಬಿಡಲು ಬೋರ್ಡೋ ದ್ರಾವಣ ಕಲಸಿದ ಡ್ರಮ್ಮು, ಮೂಲೆಗೆಸೆದ ಟಯರು, ತೆಂಗಿನ ಗೆರಟೆ, ಇವುಗಳ ವಿಷಯ ಆರೋಗ್ಯ ಇಲಾಖೆಯವರು ಹೇಳಿ ಹೇಳಿ ಎಲ್ಲರಿಗೂ ಬಾಯಿಪಾಠವಾಗಿದೆ.

ನೀರು ಚೆಲ್ಲಿದರೆ ಮಾತ್ರ ಸಾಲದೆಂಬುದು ಅಷ್ಟು ಮಂದಿಗೆ ತಿಳಿದಿಲ್ಲ. ಈಡಿಸ್ ಸೊಳ್ಳೆ ಮೊಟ್ಟೆಯನ್ನು ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ ಪಾತ್ರೆಯ ಗೋಡೆಗೆ ಅಂಟಿಸುತ್ತದೆ. ಆ ಮೊಟ್ಟೆ ಒಣಗಿ ತಿಂಗಳುಗಟ್ಟಲೆ ಸಾಯದೆ ಕಾಯುತ್ತದೆ. ಬೇಸಗೆಯಿಡೀ ಒಣಗಿ ಬಿದ್ದಿದ್ದ ಕಪ್ಪಿನಲ್ಲಿ ಜೂನಿನ ಮೊದಲ ಮಳೆಗೇ ಮರಿ ಕಾಣುವುದು ಇದರಿಂದ. ಚೆಲ್ಲಿದ ಮೇಲೆ ತೆಂಗಿನ ನಾರಿನಿಂದ ಗಸಗಸನೆ ಉಜ್ಜಬೇಕು.

ಹಟ್ಟಿಯ ಕಡೆಯ ಸೊಳ್ಳೆ ಬೇರೆ ಜಾತಿಯದು. ಗಂಜಲದ ಗುಂಡಿ, ಬಚ್ಚಲ ನೀರು ನಿಂತ ಕೆಸರು, ಗೋಬರ್ ಗ್ಯಾಸಿನ ಸ್ಲರಿ ಗುಂಡಿ, ಇಲ್ಲೆಲ್ಲ ಬ್ಯಾಕ್ಟೀರಿಯಗಳೇ ತುಂಬಿರುವುದರಿಂದ ಕ್ಯೂಲೆಕ್ಸ್ ಮರಿಗೆ ಇದಕ್ಕಿಂತ ದೊಡ್ಡ ಔತಣವಿಲ್ಲ. ಆನೆಕಾಲು ರೋಗ ಹರಡುವುದು ಈ ಸೊಳ್ಳೆಯಿಂದ. ಉಡುಪಿ, ದಕ್ಷಿಣ ಕನ್ನಡ, ಉತ್ತರ ಕನ್ನಡ ಮೂರೂ ಜಿಲ್ಲೆಗಳು ರಾಜ್ಯದ ಆನೆಕಾಲು ಪೀಡಿತ ಜಿಲ್ಲೆಗಳ ಪಟ್ಟಿಯಲ್ಲಿ ಸೇರಿದ್ದವು. ಸ್ಲರಿಯನ್ನು ಗುಂಡಿಯಲ್ಲಿ ನಿಲ್ಲಲು ಬಿಡದೆ ಗೊಬ್ಬರದ ರಾಶಿಗೆ ಹರಿಸಿ ಮೇಲೆ ಒಣ ತರಗೆಲೆ ಹಾಕಿದರೆ ಸಾರವೂ ಉಳಿಯುತ್ತದೆ, ಸೊಳ್ಳೆಯೂ ಹುಟ್ಟದು.

ಗದ್ದೆಯ ವಿಚಾರಕ್ಕೆ ಬಂದರೆ, ನಾವು ನೇಜಿಗೆ ಹಾಕುವ ಗೊಬ್ಬರ ನೇಜಿಗೆ ಮಾತ್ರ ಸಿಗುವುದಿಲ್ಲ. ಯೂರಿಯ ಹಾಕಿದ ಬಳಿಕ ಗದ್ದೆಯ ನೀರಿನಲ್ಲಿ ಪಾಚಿ ಮತ್ತು ಸೂಕ್ಷ್ಮಜೀವಿಗಳು ಹೆಚ್ಚುತ್ತವೆ, ಅದನ್ನು ಉಣ್ಣುವ ಮರಿಗಳೂ ಹೆಚ್ಚುತ್ತವೆ ಎಂಬುದನ್ನು ತಮಿಳುನಾಡಿನ ಗದ್ದೆಗಳಲ್ಲಿ ವಿಜ್ಞಾನಿಗಳು ಎಣಿಸಿ ತೋರಿಸಿದ್ದಾರೆ. ಒಮ್ಮೆಗೇ ಸುರಿಯದೆ ಕಂತಿನಲ್ಲಿ ಹಾಕುವುದಕ್ಕೆ ಇದೂ ಒಂದು ಕಾರಣವಾದೀತು. ನಡುನಡುವೆ ನೀರು ಇಳಿಸಿ ಗದ್ದೆ ಆರಿಸಿದರೆ ಮರಿ ಸಾಯುತ್ತದೆಯೆಂದು ಪುಸ್ತಕಗಳಲ್ಲಿ ಬರೆಯುತ್ತಾರೆ. ಸುಗ್ಗಿ, ಕೊಳಕೆ ಬೆಳೆಗೆ ಇದು ಸರಿ. ಎಣೆಲಿನಲ್ಲಿ ಆಕಾಶದಿಂದಲೇ ನೀರು ಸುರಿಯುತ್ತಿರುವಾಗ ಇಳಿಸುವುದೆಲ್ಲಿಗೆ? ಆಗ ಗದ್ದೆಯ ಕಪ್ಪೆ, ಮೀನು, ಏರೋಪ್ಲೇನ್ ಚಿಟ್ಟೆಯ ಮರಿಗಳನ್ನೇ ನೆಚ್ಚಬೇಕು. ಅವುಗಳಿಗೆ ಸೊಳ್ಳೆ ಮರಿಯೇ ಊಟ. ಕಾರಣವಿಲ್ಲದೆ ಕೀಟನಾಶಕ ಹೊಡೆದರೆ ಮೊದಲು ಸಾಯುವುದು ಅವು.

ತೊಟ್ಟಿಯನ್ನು ಮಗುಚಿದ ವೈದ್ಯ

ಬಟ್ಟಲು ಕವುಚುವುದು ಇಷ್ಟು ದೊಡ್ಡ ಕೆಲಸವೇ ಎಂದು ನಗುವವರಿಗೆ ನಮ್ಮ ಬೆಂಗಳೂರಿನದೇ ಒಂದು ಪ್ರಸಂಗ ಹೇಳಬಹುದು. 1883ರಲ್ಲಿ ರೊನಾಲ್ಡ್ ರಾಸ್ ಎಂಬ ಎಳೆಯ ಮಿಲಿಟರಿ ವೈದ್ಯರು ಬೆಂಗಳೂರಿನ ದಂಡಿನಲ್ಲಿದ್ದರು. ಬೇರೆಯವರ ಬಂಗಲೆಗಿಂತ ತಮ್ಮಲ್ಲಿ ಸೊಳ್ಳೆಯ ಕಾಟ ಹೆಚ್ಚೆಂದು ಹುಡುಕಿದಾಗ ಕಿಟಕಿಯ ಹೊರಗೆ ಇಟ್ಟಿದ್ದ ನೀರಿನ ತೊಟ್ಟಿಯಲ್ಲಿ ಮರಿಗಳು ಕಂಡವು. ತೊಟ್ಟಿ ಮಗುಚಿಸಿದರು, ಸೊಳ್ಳೆ ಕಡಿಮೆಯಾಯಿತು. ದಂಡಿನ ಉಳಿದ ತೊಟ್ಟಿಗಳನ್ನೂ ಹೀಗೆಯೇ ಮಾಡೋಣವೆಂದರೆ ಅಧಿಕಾರಿ ಒಪ್ಪಲಿಲ್ಲ. ಅದೇ ರಾಸ್ 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ, ಮಲೇರಿಯ ರೋಗಿಯ ರಕ್ತ ಕುಡಿದ ಸೊಳ್ಳೆಯ ಹೊಟ್ಟೆ ಸೀಳಿ ಅದರ ಗೋಡೆಯಲ್ಲಿ ಮಲೇರಿಯದ ಕ್ರಿಮಿಯನ್ನು ಕಂಡರು. ಆ ರೋಗಿ ಹುಸೇನ್ ಖಾನ್ ಎಂಬವರಿಗೆ ಕಚ್ಚಿಸಿಕೊಂಡ ಒಂದೊಂದು ಸೊಳ್ಳೆಗೆ ಒಂದಾಣೆಯಂತೆ ಕೂಲಿ. ರಾಸ್‌ಗೆ 1902ರಲ್ಲಿ ನೊಬೆಲ್ ಬಹುಮಾನ ಬಂತು.

ಕವುಚಲು ಬಾರದ ನೀರಿಗೆ, ಅಂದರೆ ತೋಟದ ಕೆರೆ, ಮದಗ, ಬಳಸದ ಬಾವಿ, ಕಲ್ಲು ಕ್ವಾರಿಯ ಗುಂಡಿಗಳಿಗೆ ಗಪ್ಪಿ ಮೀನು ಬಿಡುವುದು ಒಂದು ದಾರಿ. ಇನ್ನೊಂದು ದಾರಿ ಬಿಟಿಐ ಎಂಬ ಬ್ಯಾಕ್ಟೀರಿಯದ ಮದ್ದು. 1976ರಲ್ಲಿ ಇಸ್ರೇಲಿನ ಮರುಭೂಮಿಯ ಒಂದು ಹೊಂಡದಲ್ಲಿ ಸತ್ತ ಸೊಳ್ಳೆ ಮರಿಗಳಿಂದ ಇದು ಸಿಕ್ಕಿತು. ಮರಿ ನೀರನ್ನು ಸೋಸಿ ಉಣ್ಣುವಾಗ ಇದನ್ನೂ ನುಂಗುತ್ತದೆ, ಹೊಟ್ಟೆಯಲ್ಲಿ ಅದು ಕರಗಿ ಕರುಳು ತೂತಾಗಿ ಸಾಯುತ್ತದೆ. ದನ, ಮೀನು, ಜೇನುನೊಣಕ್ಕೆ ತೊಂದರೆಯಿಲ್ಲ. ಆದರೆ ಹಾಕುವ ಹೊತ್ತನ್ನು ನೋಡಿ ಹಾಕಬೇಕು. ಅಲ್ಪವಿರಾಮದ ಗುರುತಿನಂತೆ ಸುರುಳಿಯಾಗಿ ತೇಲುವ ಕೋಶಗಳೇ ನೀರಿನಲ್ಲಿ ತುಂಬಿದ್ದರೆ ಬಿಟಿಐ ಹಾಕಿ ಪ್ರಯೋಜನವಿಲ್ಲ, ಏಕೆಂದರೆ ಕೋಶ ಏನನ್ನೂ ತಿನ್ನುವುದಿಲ್ಲ. ಎರಡು ದಿನ ಉಪವಾಸವಿದ್ದು ಸೊಳ್ಳೆಯಾಗಿ ಹಾರಿಹೋಗುತ್ತದೆ. ಅಂಥಲ್ಲಿ ನೀರನ್ನೇ ನೆಲಕ್ಕೆ ಚೆಲ್ಲಿ ಒಣಗಿಸಬೇಕು.

ಡೆಂಗಿಯ ಸೊಳ್ಳೆ ಬಹಳ ದೂರ ಹಾರುವುದಿಲ್ಲ. ಹುಟ್ಟಿದಲ್ಲಿಂದ ಸಾಮಾನ್ಯವಾಗಿ ನೂರು ಇನ್ನೂರು ಮೀಟರಿನೊಳಗೆ ಅದರ ಸಂಸಾರ. ನಿಮ್ಮ ಮನೆಯವರನ್ನು ಕಚ್ಚಿದ್ದು ಹೆಚ್ಚಾಗಿ ನಿಮ್ಮ ತೋಟದ್ದೋ, ಬೇಲಿಯಾಚೆಯವರ ತೋಟದ್ದೋ ಆಗಿರುತ್ತದೆ. ಆದುದರಿಂದ ವಾರಕ್ಕೊಂದು ದಿನ, ಉದಾಹರಣೆಗೆ ಭಾನುವಾರ ಬೆಳಗ್ಗೆ, ನೆರೆಕರೆಯವರು ಮಾತಾಡಿಕೊಂಡು ಒಂದೇ ದಿನ ತೋಟ ಸುತ್ತಿದರೆ ಎಂಟು ದಿನದ ಮರಿ ಹಾರುವ ಮೊದಲೇ ನೆಲಕ್ಕೆ ಬೀಳುತ್ತದೆ.

ಹಾಗೆ ಕವುಚುವಾಗ ಯಾವುದಾದರೊಂದು ಕಪ್ಪಿನಲ್ಲಿ ಬೇರೆ ಮರಿಯೇ ಇಲ್ಲದೆ, ಕೆಂಪು ಕಂದು ಬಣ್ಣದ, ಅರ್ಧ ಅಂಗುಲಕ್ಕೂ ಉದ್ದದ ದೊಡ್ಡ ಮರಿ ಒಂದೇ ಕುಳಿತಿರುವುದನ್ನು ಕಂಡರೆ ಅದು ಆ ಕಚ್ಚದ ದೊಡ್ಡ ಸೊಳ್ಳೆಯದಾಗಿರಬಹುದು. ಅದನ್ನು ಚೆಲ್ಲಬೇಡಿ. ಹತ್ತಿರದ ಮರದ ಪೊಟರೆಯ ನೀರಿಗೆ ಬಿಟ್ಟರೆ ಅಲ್ಲಿರುವ ಮರಿಗಳನ್ನು ಅದೇ ತಿಂದು ಮುಗಿಸುತ್ತದೆ.